ಹಂಪಿಯ ಮಂಟಪ, ನನ್ನ ಮೊಣಕಾಲು

ನನ್ನ ಗಂಡನಿಗೆ ಮರದ ಹುಚ್ಚು ಹಿಡಿದದ್ದು ಊರಿಗೆ ಊರೇ ಮನೆಯೊಳಗೆ ಕೂತಿದ್ದ ಇಪ್ಪತ್ತನೇ ಇಸವಿಯಲ್ಲಿ. ಬೇರೆಯವರ ಗಂಡಂದಿರು ಬ್ರೆಡ್ ಮಾಡಿದರು, ಗಡ್ಡ ಬಿಟ್ಟರು, ಅಷ್ಟಕ್ಕೆ ಸುಮ್ಮನಾದರು. ನಮ್ಮವರು ನಾರ್ತ್ ಕ್ಯಾರೊಲೈನಾದ ನಮ್ಮ ಮನೆಯ ಗ್ಯಾರೇಜಿನಿಂದ ಎರಡೂ ಕಾರುಗಳನ್ನು ಹೊರಗಟ್ಟಿ ಗರಗಸ, ಉಳಿ, ತೋಪಡ ತಂದು ಜೋಡಿಸಿದರು. ಅಂದಿನಿಂದ ಹೊರಗೆ ನಿಂತು ಮರಗಳ ಪೋಲನ್ ಪುಡಿ, ಅದೇ ಪರಾಗ, ಬಿದ್ದು ಹಳದಿಯಾಗುವುದು ನನ್ನ ಕಾರಿನ ಹಣೆಬರಹ.

ಅವರದ್ದೇ ಆದ ಮಡಿಯೂ ಇತ್ತು. ಮೊಳೆ ಕೂಡದು, ಸ್ಕ್ರೂ ಕೂಡದು, ಕೆತ್ತನೆ ಕೂಡದು. ಮರಕ್ಕೆ ಮರವೇ ಕಚ್ಚಿಕೊಂಡು ನಿಲ್ಲಬೇಕು, ಅದೇ ನಮ್ಮ ಸಂಪ್ರದಾಯವಂತೆ. ಹಿಂದೊಮ್ಮೆ ಹಂಪಿಯಲ್ಲಿ ತೆಗೆದ ಮಂಟಪದ ಫೋಟೊ ಒಂದನ್ನು ಗ್ಯಾರೇಜಿನ ಗೋಡೆಗೆ ಅಂಟಿಸಿಕೊಂಡಿದ್ದರು. ನಾಲ್ಕು ಕಂಬ, ಮೇಲೆ ಚಪ್ಪಡಿ, ಅಷ್ಟೇ.

“ನೋಡು, ಇದ್ರಲ್ಲಿ ಒಂದಾದ್ರೂ ಎಕ್ಸ್‌ಟ್ರಾ ಇದ್ಯಾ?” ಎನ್ನುತ್ತಿದ್ದರು.

“ಅಲ್ಲಿ ಯಾರೂ ದಿನಾ ಕೂತು ಟೀವಿ ನೋಡ್ಬೇಕಾಗಿರ್ಲಿಲ್ಲ ಕಣ್ರೀ,” ಎಂದರೆ ಕೇಳಿಸಿಕೊಳ್ಳುವವರು ಯಾರು?

ಮೊದಲು ಹೋದದ್ದು ಸೋಫಾ. ಮಗಳು ಹುಟ್ಟುವ ಮುಂಚೆ ಕೊಂಡಿದ್ದು. ದಪ್ಪ ದಪ್ಪ ಕೈಗಳಿದ್ದವು. ‘ಬೇಕಾದವರು ಒಯ್ಯಿರಿ’ ಎಂದು ಫೋನಿನಲ್ಲಿ ಹಾಕಿದರು, ಒಂದು ಗಂಟೆಯೊಳಗೆ ಯಾರೋ ಬಂದು ಹೊತ್ತೊಯ್ದರು. ಅದರ ಜಾಗಕ್ಕೆ ವಾಲ್ನಟ್ ಮರದ ಎರಡು ಕುರ್ಚಿ ಬಂದವು. ತಗ್ಗು, ಅಗಲ, ಕೈಗಳಿಲ್ಲ. ಅಟ್ಲಾಂಟಾದಲ್ಲಿರುವ ಮಗಳು ವಿಡಿಯೊದಲ್ಲಿ ನೋಡಿ, “ಅಮ್ಮಾ, ಸೋ ಬ್ಯೂಟಿಫುಲ್! ಅಪ್ಪ ಮಾಡಿದ್ದಾ?” ಎಂದಳು. ಚೆನ್ನಾಗಿದ್ದದ್ದು ಸುಳ್ಳಲ್ಲ. ಕೈ ಸವರಿದರೆ ಎಲ್ಲಿ ಒಂದು ತುಂಡು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ನನಗೂ ಹೆಮ್ಮೆಯಾಗಿತ್ತು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಮೊಣಕಾಲುಗಳು ಸವೆದವು.

“ಎರಡು ಕೈ ಹಾಕ್ಕೊಡ್ರೀ,” ಎಂದು ಎಷ್ಟು ಸಲ ಕೇಳಿದೆನೋ.

“ಕುರ್ಚಿಯ ಲೈನ್, ಆ ಅಂದವೇ ಹೊರಟುಹೋಗತ್ತೆ ಕಣೇ. ನೀನು ಸ್ವಲ್ಪ ವಾಕಿಂಗ್ ಮಾಡು, ಸರಿಹೋಗತ್ತೆ.”

ಮೈಯೆಲ್ಲ ಉರಿಯುತ್ತಿತ್ತು. ಆದರೆ ‘ನನಗೆ ಇದರಿಂದ ಏಳೋಕೇ ಆಗಲ್ಲ’ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಐವತ್ತಾರಕ್ಕೇ ಹಾಗೆ ಹೇಳಿಕೊಳ್ಳಲು ನಾಚಿಕೆ. ನೋವು ಎನ್ನುತ್ತಿದ್ದೆ, ಅಷ್ಟೆ.

ಕಳೆದ ವಸಂತದಲ್ಲಿ ಒಂದು ದಿನ ಅವರು ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಆಫೀಸಿಗೆ ಹೋಗಿದ್ದರು. ಮನೆಯಿಂದಲೇ ಕೆಲಸ ಮಾಡುವ ನಾನು ಊಟ ಮುಗಿಸಿ, ಲ್ಯಾಪ್‌ಟಾಪ್ ಹಿಡಿದು ಆ ಕುರ್ಚಿಯಲ್ಲಿ ಕೂತೆ. ಎರಡು ಗಂಟೆಗೆ ಬೆಲ್ ಆಯಿತು. ರಿನ್ಯೂ ಆಗಿ ಬರಬೇಕಿದ್ದ ನನ್ನ ಪಾಸ್‌ಪೋರ್ಟ್. ಸಹಿ ಮಾಡಿಯೇ ತೆಗೆದುಕೊಳ್ಳಬೇಕು. ಹಲಗೆಗೆ ಕೈ ಒತ್ತಿ ಏಳಲು ಹೋದೆ. ಎಣ್ಣೆ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ್ದ ಮರ, ಅಂಗೈ ಜಾರಿತು. ಅರ್ಧ ಎದ್ದವಳು ಧೊಪ್ಪನೆ ಕೂತೆ. “ಕಮಿಂಗ್, ಕಮಿಂಗ್, ಒನ್ ಮಿನಿಟ್!” ಎಂದು ಕೂಗಿದೆ. ಕೊರಿಯರ್ ಟ್ರಕ್ಕು ಹೊರಟ ಸದ್ದು ಕೇಳಿತು.

ಆಮೇಲೂ ಏಳಲಾಗಲಿಲ್ಲ. ಫೋನ್ ಅಡುಗೆಮನೆಯಲ್ಲಿತ್ತು. ನೆಲಕ್ಕೆ ಜಾರಿದರೆ ಅಲ್ಲಿಂದ ಏಳುವುದು ಇನ್ನೂ ದೂರದ ಮಾತು. ಲ್ಯಾಪ್‌ಟಾಪಿನಿಂದ ಅವರಿಗೆ ಮೆಸೇಜ್ ಹಾಕಬಹುದಿತ್ತು. ಏನೆಂದು ಹಾಕಲಿ? ಐದು ಗಂಟೆಯವರೆಗೆ ಹಾಗೇ ಕೂತಿದ್ದೆ, ಬಾತ್‌ರೂಮಿಗೂ ಹೋಗಲಾಗದೆ.

ಕೊರಿಯರಿನವನು ಬಾಗಿಲಿಗೆ ಅಂಟಿಸಿಹೋಗಿದ್ದ ಚೀಟಿ ಹಿಡಿದುಕೊಂಡೇ ಅವರು ಒಳಗೆ ಬಂದರು. “ಮನೇಲೇ ಇದ್ಯಲ್ಲ, ಬಾಗಿಲು ತೆಗೀಬಾರ್ದಾಗಿತ್ತಾ?”

ಅತ್ತೆನೋ ಕಿರುಚಿದೆನೋ ನನಗೇ ನೆನಪಿಲ್ಲ. ಹಂಪಿಯಿಂದ ಹಿಡಿದು ಗ್ಯಾರೇಜಿನವರೆಗೆ ಒಂದನ್ನೂ ಬಿಡದೆ ಬೈದೆ. ಅವರು ಎತ್ತಿ ನಿಲ್ಲಿಸಿದ ಮೇಲೆ ಬಾತ್‌ರೂಮಿಗೆ ಹೋಗಿ ಬಂದು ಮತ್ತೆ ಬೈದೆ. “ಸಂಪ್ರದಾಯ ಅಂತೀರಲ್ಲ, ನಮ್ಮ ಮೈಸೂರಿನ ಮನೇಗೆ ಬರ್ತಿದ್ದ ಮರಗೆಲಸದ ಆಚಾರ್ರು ನಮ್ಮಜ್ಜಿಗೆ ಕುರ್ಚಿ ಹೇಗೆ ಮಾಡಿದ್ರು ಗೊತ್ತಾ? ಟೇಪ್ ಮುಟ್ಲಿಲ್ಲ. ಒಂದು ಮಣೆ ಮೇಲೆ ಕೂರ್ಸಿ, ‘ಏಳಿ ತಾಯಿ’ ಅಂದ್ರು. ಏಳೋಕಾಗ್ಲಿಲ್ಲ ಅಂದ್ರೆ ಇನ್ನೊಂದು ಹಲಗೆ ಇಟ್ರು. ಅಜ್ಜಿ ತಾನಾಗೇ ಎದ್ದಾಗ ಅಲ್ಲಿಗೆ ಗುರುತು ಹಾಕ್ಕೊಂಡ್ರು. ನೀವು ಕಲ್ಲು ಮಂಟಪದ ಫೋಟೋನೆಲ್ಲ ಅಳೆದ್ರಿ. ನನ್ನ ಅಳತೆ ತಗೊಂಡ್ರಾ?”

ಅವರು ಗ್ಯಾರೇಜಿಗೆ ಹೋದರು. ಮುನಿಸಿಕೊಂಡರೆಂದುಕೊಂಡೆ. ಮುನಿಸಿಕೊಳ್ಳಲಿ ಎಂದೂ ಅಂದುಕೊಂಡೆ. ಹಲಗೆ ತುಂಡುಗಳನ್ನು ಎದೆಗೊತ್ತಿಕೊಂಡು ವಾಪಸು ಬಂದು, ಒಂದನ್ನು ಕುರ್ಚಿಯ ಮೇಲಿಟ್ಟು, “ಕೂತ್ಕೋ,” ಎಂದರು. ಕೂತೆ. ಏಳಲಾಗಲಿಲ್ಲ. ಎತ್ತಲು ಬಂದರು.

“ಕೈ ಹಿಂದೆ ಕಟ್ಕೊಳ್ರೀ,” ಎಂದೆ. ಕಟ್ಟಿಕೊಂಡರು.

ಐದನೆಯ ಹಲಗೆಗೆ, ತೊಡೆಗೆ ಕೈಯೂರಿ, ಹಲ್ಲು ಕಚ್ಚಿಕೊಂಡು ಎದ್ದು ನಿಂತೆ. ಅವರು ಬಗ್ಗಿ ಪೆನ್ಸಿಲಿನಿಂದ ಗುರುತು ಹಾಕಿದರು. ಬಗ್ಗಿದಲ್ಲೇ ಕೇಳಿದರು: “ಹಾಗಾದ್ರೆ ದಿನಾ ಬೆಳಿಗ್ಗೆ ಕಾಫಿ ಆದ್ಮೇಲೆ ನನ್ನ ಕೈ ಹಿಡ್ಕೋತಿದ್ಯಲ್ಲ, ಅದು?”

“ಏಳೋಕೆ ಕಣ್ರೀ. ಮತ್ತೇನಂದ್ಕೊಂಡ್ರಿ?”

ಅವರು ಗುರುತಿನ ಮೇಲೆ ಇನ್ನೊಂದು ಸಲ ಪೆನ್ಸಿಲ್ ಎಳೆದರು. ಕಿವಿ ಕೆಂಪಾಗಿತ್ತು. ಎಂಥ ಮನುಷ್ಯ! ಒಂದು ಚಳಿಗಾಲ ಪೂರ್ತಿ ನಾನು ಇವರ ಕೈ ಜಗ್ಗಿಕೊಂಡು ಎದ್ದಿದ್ದೇನೆ, ಇವರು ಅದನ್ನು ಏನೆಂದುಕೊಂಡು ಆಫೀಸಿಗೆ ಹೋಗುತ್ತಿದ್ದರೋ.

ಮೂರು ವಾರಕ್ಕೆ ಕುರ್ಚಿ ಆಯಿತು. ಎತ್ತರವಾಗಿತ್ತು, ಎರಡು ಕೈಗಳಿದ್ದವು. ಮಾರನೆಯ ಬೆಳಿಗ್ಗೆ ಅದರಲ್ಲಿ ಕೂತು ಕಾಫಿ ಕುಡಿದು, ಯಾರ ಹಂಗೂ ಇಲ್ಲದೆ ಎದ್ದೆ. ಎದುರಿಗೆ ಅವರು ಎಂದಿನಂತೆ ಬಂದು ನಿಂತಿದ್ದರು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ನನ್ನ ಖಾಲಿ ಲೋಟ ಇಸಿದುಕೊಂಡು ಅಡುಗೆಮನೆಗೆ ಹೋದರು.