ಬಾಗಿಲಾಚೆಗೆ ಇಟ್ಟ ಗಂಟು

ಇವತ್ತು ಬೆಳಿಗ್ಗೆಯಿಂದ ಇಷ್ಟು ಕೆಲಸವಾಯಿತು. ಹಿತ್ತಿಲಲ್ಲಿ ಉಳಿದಿದ್ದ ಅವರೆಕಾಯಿಯನ್ನೆಲ್ಲ ಕಿತ್ತೆ. ಅಕ್ಕನಿಗೆ ನೀರು ಕಾಯಿಸಿ ಬೆನ್ನು ಒರೆಸಿದೆ. ಆಸ್ಪತ್ರೆಗೆ ಹೋಗಿ ಗಾಜಿನ ಸಿರಿಂಜುಗಳನ್ನು ಕಡೆಯ ಸಲ ಕುದಿಸಿ ಜೊತೆಯ ನರ್ಸು ಏಲಿಯಮ್ಮನ ವಶಕ್ಕೆ ಕೊಟ್ಟೆ. ಹೆರಿಗೆ ಕೋಣೆಯ ಬೀಗದ ಕೈಯನ್ನು ಸೆರಗಿನ ತುದಿಯಿಂದ ಬಿಚ್ಚಿ ಡಾಕ್ಟರ ಮೇಜಿನ ಮೇಲಿಟ್ಟೆ. ಮನೆಗೆ ಬಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದೆ. ಅಕ್ಕನ ಸೀರೆ, ಕಂಬಳಿ, ಹಿತ್ತಾಳೆ ಚೊಂಬು ಸೇರಿಸಿ ಒಂದು ಗಂಟು ಕಟ್ಟಿ, ನಾಳೆ ಬೆಳಗಿನ ಬಸ್ಸಿಗೆ ಮರೆತುಹೋಗದಿರಲಿ ಎಂದು ಬಾಗಿಲಾಚೆಗೆ ಇಟ್ಟೆ.

ಈ ಕೊನೆಯ ಕೆಲಸವನ್ನು ಮಾಡಬಾರದಾಗಿತ್ತು. ಯಾಕೆಂದು ಹೇಳಬೇಕಾದರೆ ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಇಂಗ್ಲಿಷ್ ಪರೀಕ್ಷೆಗೆ ಕುಳಿತ ಸಂಗತಿಯಿಂದ ಶುರುಮಾಡಬೇಕು.

ನಾನು ಕೋಟೆ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ಹೋದ ಮಳೆಗಾಲದಲ್ಲಿ ಒಂದು ಸುತ್ತೋಲೆ ಬಂತು. ತಾಲ್ಲೂಕು ಆಸ್ಪತ್ರೆಯ ನರ್ಸುಗಳು ಇನ್ನು ಮುಂದೆ ಮೈಸೂರಿಗೆ ಹೋಗಿ ಇಂಗ್ಲಿಷಿನಲ್ಲಿ ಮಾತಾಡಿ ಪಾಸಾಗಬೇಕು. ಆಗದವರನ್ನು ಕಾಡಂಚಿನ ಉಪಕೇಂದ್ರಗಳಿಗೆ ಕಳಿಸಲಾಗುವುದು. ನನಗೂ ಇಂಗ್ಲಿಷ್ ಬರುತ್ತದೆ ಅಂದುಕೊಂಡಿದ್ದೆ. ಟ್ರೇ, ಸಿರಿಂಜು, ಕ್ಯಾತೀಟರು, ಬೆಡ್‌ಪ್ಯಾನು. ಕೂತು ಲೆಕ್ಕ ಹಾಕಿದಾಗ ತಿಳಿಯಿತು, ನನ್ನ ಬಳಿ ಇದ್ದದ್ದೆಲ್ಲ ಸಾಮಾನಿನ ಹೆಸರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ವಾಕ್ಯವನ್ನೂ ಸಂಪಾದಿಸಿರಲಿಲ್ಲ.

ಉಪಕೇಂದ್ರವೆಂದರೆ ನನಗೆ ಅಂಜಿಕೆಯಿಲ್ಲ. ಕಾಡಿನ ಪಕ್ಕದ ಹಾಡಿಗಳಲ್ಲಿ ನಾನು ಎಷ್ಟೋ ಹೆರಿಗೆ ಮಾಡಿಸಿದ್ದೇನೆ. ಅಂಜಿಕೆ ಇದ್ದದ್ದು ಅಕ್ಕನಿಗಾಗಿ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಅವಳ ಜೊತೆಗೆ ಅವಳ ಉಬ್ಬಸವೂ ಇದೆ. ಚಳಿಗಾಲದಲ್ಲಿ ಅದು ಏರಿದರೆ ತುಟಿ ನೇರಳೆಯಾಗುತ್ತದೆ. ಆಗ ನರಕ್ಕೆ ನಿಧಾನವಾಗಿ ಒಂದು ಸೂಜಿಮದ್ದು ಕೊಡಬೇಕು. ಡಾಕ್ಟರಿಲ್ಲದೆ ಅದನ್ನು ಕೊಡುವ ಹಾಗಿಲ್ಲ, ಅವಸರ ಮಾಡಿದರೆ ಎದೆಬಡಿತವೇ ನಿಂತುಹೋದೀತು. ನಮ್ಮ ಮನೆ ಬಾಗಿಲಿಂದ ವಾರ್ಡಿಗೆ ನಲವತ್ತು ಹೆಜ್ಜೆ. ಉಪಕೇಂದ್ರದಲ್ಲಿ ಡಾಕ್ಟರಿಲ್ಲ, ಬಸ್ಸು ದಿನಕ್ಕೊಂದೇ. ನನ್ನ ಇಂಗ್ಲಿಷ್ ಪರೀಕ್ಷೆ ಅಂದರೆ ಈ ನಲವತ್ತು ಹೆಜ್ಜೆ, ಅಷ್ಟೇ.

ಓದಲು ಬಿಡುವೆಲ್ಲಿ? ಸಿರಿಂಜುಗಳನ್ನು ಇಪ್ಪತ್ತು ನಿಮಿಷ ಕುದಿಸಬೇಕಲ್ಲ, ಆ ಹೊತ್ತನ್ನೇ ಹಿಡಿದುಕೊಂಡೆ. ಸೀಮೆಎಣ್ಣೆ ಸ್ಟೌವಿನ ಮೇಲೆ ನೀರು ಬುಳುಬುಳು ಅನ್ನುವಾಗ ನಾನು ಪಕ್ಕದಲ್ಲಿ ನಿಂತು ಮಣಮಣ ಅನ್ನುತ್ತಿದ್ದೆ. ಒಂದು ಕುದಿತಕ್ಕೆ ಐದು ವಾಕ್ಯ. ನನಗೆ ಕಲಿಸಿದವಳು ಏಲಿಯಮ್ಮ. ವೈನಾಡಿನ ಮಲಯಾಳಿ ಹುಡುಗಿ, ಅಕ್ಕ ಅನ್ನುವುದಕ್ಕೆ ಚೇಚಿ ಅನ್ನುವವಳು, ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು, ಮೊದಲ ಸಲಕ್ಕೇ ಪಾಸಾಗಿದ್ದಳು. "ಚೇಚಿ, ಹೆದರಬೇಡಿ. ರೋಗಿಯ ಹತ್ರ ಮಾತಾಡುವ ಹಾಗೆಯೇ ಮಾತಾಡಿದ್ರೆ ಸಾಕು" ಅನ್ನುತ್ತಿದ್ದಳು. ರೋಗಿಯ ಹತ್ತಿರ ಮಾತಾಡಿದ ಹಾಗೆಯೇ ಮಾಡಿದೆನಮ್ಮ. ಅದನ್ನೇ ಈಗ ಹೇಳಹೊರಟಿರುವುದು.

ಮನೆಯಲ್ಲಿ ರೋಗಿಯ ಪಾತ್ರ ಅಕ್ಕನದು. ನಾನು ಇಂಗ್ಲಿಷಿನಲ್ಲಿ ಎಲ್ಲಿ ನೋವು ಎಂದು ಕೇಳುವುದು, ಅವಳು ಸುಮ್ಮನೆ ನರಳುವುದು, ಇಷ್ಟೇ ಒಪ್ಪಂದ. ಅವಳು ಸುಮ್ಮನಿದ್ದರೆ ತಾನೆ?

"ಎದೇಲಿ ಚಳುಕು ಕಣಮ್ಮಿ, ಸೊಂಟ್ದಾಗೆ ಸೆಳ್ತ, ಮಂಡೀಲಿ ಕಡ್ತ. ಹೂಂ, ಯೋಳು ಇಂಗ್ಲೀಸ್ನಾಗೆ."

ನಾನು ಎಲ್ಲಕ್ಕೂ "ಪೇನ್" ಅಂದೆ.

"ಎಲ್ಲಕ್ಕೂ ಅದೊಂದೇಯಾ? ಪಾಪ, ಆ ದೇಸದೋರ್ಗೆ ಒಂದೇ ಒಂದು ನೋವು ಮಡುಗವ್ನೆ ದೇವ್ರು. ಪುಣ್ಯವಂತ್ರು ಕಣೆ!"

ನಕ್ಕು ನಕ್ಕು ಅವಳಿಗೆ ಉಬ್ಬಸ ಶುರುವಾಯಿತು. ಪುಸ್ತಕ ಬಿಸಾಕಿ ವಾರ್ಡಿಗೆ ಓಡಿದೆ. ನಲವತ್ತು ಹೆಜ್ಜೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹಳ್ಳಿಗಳಲ್ಲಿ ಸಾವಿನ ಸುದ್ದಿ ತಂದವನು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆಯೊಳಗೆ ಬರುವುದಿಲ್ಲ, ಕೊಟ್ಟ ನೀರು ಮುಟ್ಟುವುದಿಲ್ಲ. ಬೇಲಿಯಾಚೆ ನಿಂತು ಕೆಮ್ಮುತ್ತಾನೆ, ನೀರು ಬೇಡ ಅನ್ನುತ್ತಾನೆ, ಅಷ್ಟಕ್ಕೆ ಮನೆಯವರಿಗೆ ತಿಳಿಯುತ್ತದೆ. ಆಸ್ಪತ್ರೆಗೆ ಬೇಲಿಯಿಲ್ಲವಲ್ಲ. ಪ್ರತಿ ಮಂಚದ ಕೆಳಗೂ ರೋಗಿಯ ಕಡೆಯವರು ತಂದ ಒಂದು ಗಂಟಿರುತ್ತದೆ: ಚೊಂಬು, ಕಂಬಳಿ, ಒಂದಿಷ್ಟು ರಾಗಿಹಿಟ್ಟು. ಉಸಿರು ನಿಂತ ಮೇಲೆ ನಾವು ಆ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹೊಸಿಲಾಚೆಗೆ ಇಟ್ಟು, ಗೋಡೆಗೆ ಸರಿದು ತಲೆತಗ್ಗಿಸಿ ನಿಲ್ಲುತ್ತೇವೆ. ನನಗಿಂತ ಮುಂಚೆ ಇದ್ದ ಮುದುಕಿ ಆಯಾ ಕಲಿಸಿಕೊಟ್ಟದ್ದು ಇದು. ಬೀಚನಹಳ್ಳಿ ಅಣೆಕಟ್ಟಿನಲ್ಲಿ ಮಣ್ಣು ಹೊರುತ್ತಿದ್ದವನೊಬ್ಬನ ಹೆಂಡತಿ ಹೆರಿಗೆಯಲ್ಲಿ ಹೋದಾಗ ನಾನು ಗಂಟು ತಂದಿಟ್ಟೆ. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ, "ಸಡ್ಲ ಆಗದೆ ಕಣವ್ವ" ಎಂದು ಕೂತು, ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದ. ಕಟ್ಟಿ ಮುಗಿಸಿದ ಮೇಲೆಯೇ ಅತ್ತದ್ದು. ಮಾತಿಗೆ ಇಂಥ ಉಪಕಾರ ಮಾಡಲು ಬರುವುದಿಲ್ಲ. ಕೈಗೆ ಒಂದು ಕೆಲಸವನ್ನೂ ಅದು ಕೊಡುವುದಿಲ್ಲ.

ಮೈಸೂರಿನ ಪರೀಕ್ಷೆಯ ಕೋಣೆಯಲ್ಲಿ ಕನ್ನಡಕ ಹಾಕಿದ ಒಬ್ಬ ಹೆಂಗಸು ಕುಳಿತಿದ್ದರು. ಒಳ್ಳೆಯವರೇ. ಜ್ವರದ ಬಗ್ಗೆ ಕೇಳಿದರು, ಹೇಳಿದೆ. ಸುಟ್ಟಗಾಯದ ಬಗ್ಗೆ ಕೇಳಿದರು, ಅದನ್ನೂ ಹೇಳಿದೆ. ಪಾಸಾದೆನೆಂದೇ ಅನ್ನಿಸಿತು, ವಾಪಸು ಬರುವಾಗ ಅಕ್ಕನಿಗೆ ಮೈಸೂರುಪಾಕು ಒಯ್ಯುವುದೆಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೆ. ಆಗ ಅವರು ಹೇಳಿದರು: ನಾನೊಬ್ಬ ತಾಯಿ ಎಂದುಕೊಳ್ಳಿ. ನನ್ನ ಮಗ ನಿಮ್ಮ ವಾರ್ಡಿನಲ್ಲಿ ಈಗತಾನೆ ತೀರಿಕೊಂಡಿದ್ದಾನೆ. ನನಗಿನ್ನೂ ಗೊತ್ತಿಲ್ಲ. ತಿಳಿಸಿ.

ಆ ವಾಕ್ಯ ನನಗೆ ಬರುತ್ತಿತ್ತು. ನಾಲ್ಕು ಕುದಿತ ಅದೊಂದನ್ನೇ ಉರುಹೊಡೆದಿದ್ದೆ. ಆದರೆ ಆಕೆ ನಿಜವಾದ ತಾಯಿಯ ಹಾಗೆ ಬಾಗಿಲ ಕಡೆ ನೋಡುತ್ತ ಕುಳಿತುಬಿಟ್ಟರು. ನನ್ನ ಕಾಲು ತಾನಾಗಿ ಎದ್ದಿತು. ಅವರ ಕುರ್ಚಿಗೆ ಒರಗಿಸಿದ್ದ ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ, ಹೊಸಿಲಾಚೆಗೆ ಇಟ್ಟೆ, ಬಂದು ಗೋಡೆಗೆ ಸರಿದು ತಲೆತಗ್ಗಿಸಿ ನಿಂತೆ.

ಆಕೆ ಕಾದರು. "ಯಸ್?" ಅಂದರು. ನಾನು ಆಗಲೇ ಹೇಳಿಯಾಗಿತ್ತು. ಇನ್ನೇನು ಉಳಿದಿದೆಯೆಂದು ಹೊಳೆಯಲಿಲ್ಲ.

ಹೊರಗೆ ಸ್ಟೂಲಿನ ಮೇಲೆ ಕುಳಿತಿದ್ದ ಜವಾನ ದಡಕ್ಕನೆ ಎದ್ದ. ಸಾಲಿಗ್ರಾಮದ ಕಡೆಯ ಹಳ್ಳಿ ಮುದುಕ. ಚೀಲ ನೋಡಿದ, ನನ್ನನ್ನು ನೋಡಿದ, ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಯಾರವ್ವಾ? ಅಮ್ಮಾವ್ರ ಕಡೆ ಯಾರ್ ತೀರೋದ್ರು?" ಎಂದು ಮೆಲ್ಲಗೆ ಕೇಳಿದ.

ಪರೀಕ್ಷೆ ಮಾಡುವ ಅಧಿಕಾರ ಅವನಿಗಿದ್ದಿದ್ದರೆ ನಾನು ಪಾಸು.

ಹದಿನೈದು ದಿನಕ್ಕೆ ವರ್ಗದ ಕಾಗದ ಬಂತು. ಡಾಕ್ಟರು ನನಗಾಗಿ ಒಂದು ಅರ್ಜಿ ಬರೆದರು, ಉತ್ತರ ಬರಲಿಲ್ಲ. ಏಲಿಯಮ್ಮ, "ಯಾಕೆ ಚೇಚಿ, ಬರ್ತಿತ್ತಲ್ಲ?" ಎಂದು ಅತ್ತಳು. ಇವತ್ತು ಮಧ್ಯಾಹ್ನ ಬಿಸಿಲು ಕಾಯಲು ಗೋಡೆ ಹಿಡಿದು ಹೊರಗೆ ಬಂದ ಅಕ್ಕ ತನ್ನ ಗಂಟನ್ನು ಕಂಡು ನಿಂತುಬಿಟ್ಟಳು.

"ಏನಮ್ಮಿ, ನಾನಿನ್ನೂ ಉಸ್ರಾಡ್ತಾವ್ನಿ ಕಣೆ. ಅದ್ಯಾಕೆ ಈಗ್ಲೇ ಆಚ್ಗೆ ಮಡುಗ್ದೆ?"

"ಬಸ್ಸಿಗೆ ಅಂತ ಕಣಕ್ಕ" ಎಂದು ತೊದಲಿದೆ.

ಅವಳು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡಳು. "ಅಲ್ಲಿ ಇರಾದು ನಾವಿಬ್ರೇಯ. ನಂಗೇನಾರ ಆದ್ರೆ ನೀನ್ ಯಾರ್ ಮುಂದೆ ತಂದು ಮಡುಗ್ತೀಯೆ? ಬುಡು. ಆ ಇಂಗ್ಲೀಸ್ ಮಾತು ಅದೇನಿತ್ತು, ಒಂದ್ ಸಲ ಯೋಳು, ಕೇಳವ."

ಹೇಳಿದೆ. ಮೊದಲಿಂದ ಕೊನೆಯವರೆಗೆ, ಒಂದು ಕಡೆಯೂ ತಡವರಿಸದೆ ಹೇಳಿದೆ.

"ಇಷ್ಟೇಯಾ?" ಅಂದಳು ಅಕ್ಕ. "ನೀನು ಯೋಳ್ದೆ ಇದ್ದದ್ದೇ ಸರಿಯಾಯ್ತು ಬುಡು."

ಗಂಟನ್ನು ಒಳಗೆ ತಂದೆ. ದೀಪ ಹಚ್ಚುವ ಮೊದಲೇ ಊಟ ಮುಗಿಸಿದೆವು: ಮುದ್ದೆ, ಬೆಳಿಗ್ಗೆ ಕಿತ್ತ ಅವರೆಕಾಳಿನ ಸಾರು. ನಾನು ಒಂದು ಮುದ್ದೆ ಉಂಡೆ, ಅಕ್ಕ ಅರ್ಧ. ದಿಂಬುಗಳೆಲ್ಲ ಗೋಣಿಚೀಲ ಸೇರಿದ್ದವು. ಅವಳಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡಬೇಕು. ಆ ಗಂಟನ್ನೇ ಗೋಡೆಗಿಟ್ಟು ಬೆನ್ನಿಗೆ ಕೊಟ್ಟೆ. ಒರಗಿಕೊಂಡು, "ಸಡ್ಲ ಆಗದೆ ಕಣೆ" ಎಂದು ಬೈದು, ಅಕ್ಕ ಮೊದಲು ನಿದ್ದೆಹೋದಳು.