ಡಾಕ್ಟರ್ ಬರೆದ ‘ಮಿರಾಕ್ಯುಲಸ್’

ಮಂಗಳವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು ಮೂವರು: ನಾನು, ಪಕ್ಕದ ಮನೆಯ ಮಹಬೂಬಿ, ಅವರ ಗಂಡ ಹುಸೇನಸಾಬರು. ಗೇಟು ತೆರೆಯುತ್ತಿದ್ದಂತೆ ಮಹಬೂಬಿ ನನ್ನ ಬಾಯಿಗೆ ಸಕ್ಕರೆ ಹಾಕಿಬಿಟ್ಟರು. ನಮ್ಮೂರು ಕುಂದಾಪುರದಲ್ಲಿ ಶುಭ ಸುದ್ದಿ ತಂದವರು ಜಗಲಿಯಲ್ಲಿ ಕೂತು, ನೀರು ಬೆಲ್ಲ ಮುಗಿಸಿ ವಿಷಯಕ್ಕೆ ಬರುತ್ತಾರೆ. ಸಿಂದಗಿಯಲ್ಲಿ ಮೊದಲು ಸಕ್ಕರೆ, ಆಮೇಲೆ ಸುದ್ದಿ. ತಂಗಿಗೆ ಇಲ್ಲಿನ ಕಾಲೇಜಿಗೆ ವರ್ಗವಾಗಿ, ನಿವೃತ್ತಳಾದ ನಾನೂ ಜೊತೆಗೆ ಬಂದು ಒಂದು ವರ್ಷವಾಯಿತು. ಕುಚ್ಚಲಕ್ಕಿ ಗಂಜಿಯ ಬದಲು ಜೋಳದ ರೊಟ್ಟಿ ಅಭ್ಯಾಸವಾಗಿದೆ. ಈ ಸಕ್ಕರೆ ಇನ್ನೂ ಆಗಿಲ್ಲ.

“ಹರಕಿ ಮುಟ್ಟಿಸಿ ಬಂದ್ವಿರಿ, ಅಕ್ಕೋರ,” ಎಂದರು. ಇಲ್ಲಿ ಶಿಕ್ಷಕಿ ಎಂದರೆ ಅಕ್ಕೋರು. “ಪವಾಡ ಅಂತ ನೀವ ಹೇಳಿದ್ರಲ್ರಿ. ಉಳದ ಗುಳಗಿ ಎಲ್ಲಾ ದರ್ಗಾದಾಗ ಇಟ್ಟು ಬಂದೀವಿ. ಇನ್ನ ನುಂಗಿದ್ರ ನಂಬಿಕಿ ಇಲ್ಲಂದಂಗ ಆಗ್ತೈತಿ.”

ಹುಸೇನಸಾಬರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎರಡೇ ತಿಂಗಳಲ್ಲಿ ಅದೇ ಕೈಯಿಂದ ರೊಟ್ಟಿ ಮುರಿದರು. ಡಾಕ್ಟರ್ ಇಂಗ್ಲಿಷಿನಲ್ಲಿ ‘ಮಿರಾಕ್ಯುಲಸ್’ ಚೇತರಿಕೆ ಎಂದು ಚೀಟಿಯಲ್ಲಿ ಬರೆದರು. ಹಿಂದಿನ ವಾರ ಮಹಬೂಬಿ ಅದರ ಅರ್ಥ ಕೇಳಿದಾಗ ‘ಪವಾಡದಂಥದ್ದು’ ಎಂದಷ್ಟೇ ಹೇಳಿ ನಾನು ವಾಕಿಂಗಿಗೆ ಹೊರಟಿದ್ದೆ. ಬಳಕೆ ಹೇಳಲಿಲ್ಲ. ಇಂಗ್ಲಿಷ್ ಬಲ್ಲವರು ಸೋಲುವ ಪಂದ್ಯ ಗೆದ್ದರೂ, ಕಳೆದ ಕೊಡೆ ಸಿಕ್ಕರೂ ಅದೇ ಪದ ಹಾಕುತ್ತಾರೆ. ಹೊಸ ಪದಕ್ಕೊಂದು ವಾಕ್ಯ ಬರೆಸದೆ ಮಕ್ಕಳನ್ನು ಬಿಡದಿದ್ದ ನಾನೇ ಇಲ್ಲಿ ತಪ್ಪಿದ್ದೆ.

“ಗುಳಿಗೆ ಬಿಟ್ಟು ಎಷ್ಟು ದಿನವಾಯಿತು?”

“ಮೂರ ದಿವ್ಸ ಆತ್ರಿ.”

“ಚೀಟಿ ತನ್ನಿ,” ಎಂದೆ. ತಂದರು. “ನೋಡಿ, ಆ ಪದ ಬರೆದವರೇ ಕೆಳಗೆ ಗುಳಿಗೆ ನಿಲ್ಲಿಸಬಾರದೆಂದೂ ಬರೆದಿದ್ದಾರೆ.”

ಮಹಬೂಬಿಯ ಮುಖ ಸಣ್ಣದಾಯಿತು. “ಹಂಗಾರ ಪವಾಡ ಸುಳ್ಳೇನ್ರಿ?”

“ಕೈ ಎತ್ತಿ ತೋರಿಸಿ,” ಎಂದೆ ಹುಸೇನಸಾಬರಿಗೆ. ಎತ್ತಿದರು. “ಇದನ್ನು ಸುಳ್ಳೆನ್ನಲಾರೆ. ಈ ಕೈ ಹೀಗೇ ಉಳಿಯಲೆಂದೇ ಗುಳಿಗೆ.”

“ನಡೀ ದವಾಖಾನಿಗೆ,” ಎಂದು ಅವರು ಹೆಂಡತಿಗೆ ಹೇಳಿದರು. “ಇಲ್ಲಂದ್ರ ಅಕ್ಕೋರು ಇಬ್ರನ್ನೂ ಬೆಂಚಿನ ಮ್ಯಾಲ ನಿಂದರಸ್ತಾರ.”

ಆಟೋದಲ್ಲಿ ನಾನೂ ಹೋದೆ. ಹುಸೇನಸಾಬರ ಬಿಪಿ ಏರಿತ್ತು. ಡಾಕ್ಟರ್ ಮಧ್ಯಾಹ್ನದವರೆಗೆ ಮಲಗಿಸಿಕೊಂಡು, ಇಳಿದ ಮೇಲೆ ಹೊಸ ಗುಳಿಗೆ ಕೊಟ್ಟು ಕಳಿಸಿದರು.

ಶನಿವಾರ ಕುಂದಾಪುರಕ್ಕೆ ಹೊರಡುವವಳಿದ್ದೆ. ಸಮುದ್ರದ ಗಾಳಿ ನೆನೆದರೆ ಮನಸ್ಸು ಈಗಲೂ ಅತ್ತ ವಾಲುತ್ತದೆ. ಆದರೆ ಅಲ್ಲಿಗೆ ಹೋಗಿ ಕೂತರೆ ಗುಳಿಗೆಯ ಹೊತ್ತಿಗೆ ಅದೇ ಮನಸ್ಸು ಇತ್ತ ಓಡಿ ಬರುತ್ತದೆ. ಒಂದು ವಾರ ತಡವಾಗಿ ಬರುತ್ತೇನೆಂದು ಊರಿನ ಮನೆಗೆ ತಿಳಿಸಿದೆ. ಬಳಿಕ ರಟ್ಟಿನ ಮೇಲೆ ಗುಳಿಗೆಯ ವೇಳಾಪಟ್ಟಿ ಬರೆದು, ಮಹಬೂಬಿ ರೊಟ್ಟಿ ಬಡಿಯುವ ಜಾಗದ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದೆ. ಸಂಜೆಯ ಗುಳಿಗೆ ನುಂಗಿದ ಮೇಲೆ ಹುಸೇನಸಾಬರು ಬಲಗೈಯಿಂದಲೇ ಪಟ್ಟಿಯಲ್ಲಿ ಅದರ ಮುಂದೆ ಗುರುತು ಹಾಕಿದರು.