ಬೀಳದ ಇಲಿಗಳು

ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಅವಳು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಪಂಜರದ ಹಾಸು ಬದಲಿಸುವುದು, ನೀರಿನ ಬಾಟಲಿ ತೊಳೆಯುವುದು, ಮರಿಗಳ ಕಿವಿಗೆ ಗುರುತಿನ ತೂತು ಹಾಕುವುದು ಎಲ್ಲ ಅವಳದೇ. ಜನ ಇಲಿಯಕ್ಕ ಎನ್ನುತ್ತಿದ್ದರು. ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಮಾತ್ರ ಏನೆಂದೂ ಕರೆಯುತ್ತಿರಲಿಲ್ಲ, ಬರೀ ಬೆರಳು ತೋರಿಸುತ್ತಿದ್ದಳು.

ಡಾಕ್ಟರಮ್ಮನ ಅಧ್ಯಯನ ವಂಶದಲ್ಲಿ ಇಳಿದು ಬರುವ ಒಂದು ಸ್ನಾಯುರೋಗದ ಬಗ್ಗೆ. ಮನುಷ್ಯರಲ್ಲಿ ಕೆಟ್ಟರೆ ಆ ರೋಗ ತರುವ ಜೀನಿನಂಥದ್ದೇ ಇಲಿಯಲ್ಲೂ ಒಂದಿದೆ. ಅದನ್ನು ಕೆಡಿಸಿ ಹುಟ್ಟಿಸಿದ ಇಲಿಗಳು ಮೂರೇ ತಿಂಗಳಿಗೆ ಬಲಗುಂದಿ, ಬಲ ಅಳೆಯಲು ಹತ್ತಿಸುವ ತಿರುಗುವ ಕೋಲಿನ ಮೇಲಿಂದ ದೊಪ್ಪೆಂದು ಬೀಳಬೇಕಿತ್ತು. ಒಂದೂ ಬೀಳಲಿಲ್ಲ.

ಇವು ಆರೋಗ್ಯದ ಇಲಿಗಳು, ಪಂಜರಗಳನ್ನು ಅದಲುಬದಲು ಮಾಡಿದವಳು ಇಲಿಯಕ್ಕನೇ ಎಂದು ಡಾಕ್ಟರಮ್ಮ ಎಲ್ಲರೆದುರು ಹೇಳಿದಳು. ಅಷ್ಟನ್ನೂ ಕೊಂದು ಹೊಸದಾಗಿ ಶುರುಮಾಡುವ ಕಾಗದ ಮುಂದಿಟ್ಟಳು. ಅದಕ್ಕೆ ಇಲಿಯಕ್ಕನ ರುಜುವೂ ಬೇಕಿತ್ತು.

"ಎಲ್ಲದರ ಬಾಲದ ತುದಿ ತೆಗೆದು ಜೀನ್ ಇನ್ನೊಂದ್ಸಲ ಪರೀಕ್ಷೆ ಮಾಡ್ಸಿ," ಎಂದಳು ಇಲಿಯಕ್ಕ. " ನನ್ನ ಕಣ್ಣೆದುರಿಗೇ. ಅಲ್ಲೀತನಕ ಸೈನ್ ಹಾಕಲ್ಲ."

"ಜೀನ್ ಅಂದ್ರೆ ನಿನಗೇನು ಗೊತ್ತು?"

ಅದೇ ರೋಗ ಇಲಿಯಕ್ಕನ ತಮ್ಮನನ್ನು ಹನ್ನೊಂದು ವರ್ಷದಿಂದ ಗಾಲಿಕುರ್ಚಿಗೆ ಕೂರಿಸಿತ್ತು. ಕೆಲಸದ ಜಾಗದಲ್ಲಿ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆ ಆಯಿತು. ಒಂದು ಗುರುತೂ ತಪ್ಪಿರಲಿಲ್ಲ. ಜೀನ್ ಕೆಟ್ಟೇ ಇತ್ತು, ಇಲಿಗಳು ಮಾತ್ರ ಗಟ್ಟಿಮುಟ್ಟಾಗಿದ್ದವು. ಡಾಕ್ಟರಮ್ಮ ತಪ್ಪಾಯಿತು ಎನ್ನಲಿಲ್ಲ. ಕಾಗದ ಹರಿದು ಹಾಕಿ, ಪಂಜರಗಳನ್ನು ಮೂಲೆಗೆ ತಳ್ಳಿಸಿದಳು. ಇಲಿಯಕ್ಕ ಹಠಕ್ಕೆ ಬಿದ್ದು ಅವನ್ನು ನೋಡಿಕೊಂಡಳು. ಪ್ರೀತಿಯಿಂದಲ್ಲ. ಮನೆಯಲ್ಲಿ ತಮ್ಮ ಎದ್ದು ನಿಲ್ಲಲಾರ, ಅದೇ ಕೇಡು ಹೊತ್ತ ಇವು ಕುಣಿಯುತ್ತಿವೆಯಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು, ಯಾಕೆಂದು ತಿಳಿಯಬೇಕಿತ್ತು.

ಹದಿನಾಲ್ಕನೇ ತಿಂಗಳಲ್ಲಿ ಒಂದು ಇಲಿ ಸೊಂಟ ಎತ್ತಿಹಾಕುತ್ತ ನಡೆಯುವುದು ಕಣ್ಣಿಗೆ ಬಿತ್ತು. ಎಂಟನೇ ವಯಸ್ಸಿನಲ್ಲಿ ತಮ್ಮ ಮೆಟ್ಟಿಲು ಹತ್ತುತ್ತಿದ್ದದ್ದು ಹಾಗೆಯೇ. ತಾರೀಖು, ಕಿವಿಯ ಗುರುತು ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆದಳು. ತಿಂಗಳೊಳಗೆ ಅಂಥವು ಒಂಬತ್ತಾದವು. ಪುಸ್ತಕ ಓದಿದ ಡಾಕ್ಟರಮ್ಮ ಪಂಜರಗಳನ್ನು ಮೂಲೆಯಿಂದ ಹೊರಗೆಳೆಸಿದಳು. ಇಲಿಯಲ್ಲಿ ಇನ್ನೊಂದು ಜೀನ್ ಆ ಕೆಟ್ಟ ಜೀನಿನ ಕೆಲಸವನ್ನೂ ತಾನೇ ಹೊತ್ತು, ವಯಸ್ಸಾದ ಮೇಲೆ ಸೋಲುತ್ತದೆ ಎಂದು ಹೊಸ ಪರೀಕ್ಷೆಗಳಿಂದ ತಿಳಿಯಿತು. ಪ್ರಬಂಧ ಅಚ್ಚಾಯಿತು. ಇಲಿಯಕ್ಕನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ.

ತಮ್ಮನ ವಿಷಯ ಹೇಗೋ ಡಾಕ್ಟರಮ್ಮನ ಕಿವಿಗೆ ಬಿತ್ತು. ಆ ಇನ್ನೊಂದು ಜೀನ್ ಮನುಷ್ಯರಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂದು ನೋಡಲು ರೋಗಿಗಳ ರಕ್ತ ಬೇಕಿತ್ತು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ತಮ್ಮನಿಗೋಸ್ಕರ ಪಂಜರ ಬದಲಾಯಿಸಿದ್ಲು ಅಂತಿದ್ರಿ."

ಡಾಕ್ಟರಮ್ಮ ಅವಳ ತಮ್ಮನ ರಕ್ತ ಕೇಳಿದಳು.

ಮನೆಯಲ್ಲಿ ಹೇಳಿದಾಗ ತಮ್ಮ ನಕ್ಕ. "ಪಾಪ ಇಲಿಗಳು. ಅವಕ್ಕೂ ನೀನೇ ಅಕ್ಕ." ರಕ್ತ ಕೊಡುತ್ತೇನೆ, ಆದರೆ ತಾನು ಎಲ್ಲಿಗೂ ಬರುವುದಿಲ್ಲ, ಆಕೆಯೇ ಬರಲಿ ಎಂದ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಡಾಕ್ಟರಮ್ಮ ಏದುಸಿರು ಬಿಡುತ್ತ ಹತ್ತಿ ಬಂದಳು. ಇಲಿಯಕ್ಕ ಬಾಗಿಲು ತೆಗೆದಳು, ಕೂತ್ಕೊಳ್ಳಿ ಎನ್ನಲಿಲ್ಲ. ಡಾಕ್ಟರಮ್ಮ ನಿಂತೇ ರಕ್ತ ತೆಗೆದುಕೊಂಡು ಹೋದಳು.